ಕೊಯಿಂಬ್ರಾದ ಜುವಾನಿನಾ ಗ್ರಂಥಾಲಯ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋರ್ಚುಗಲ್‌ನ ಜುವಾನಿನಾ ಗ್ರಂಥಾಲಯದ ಚಿತ್ರ ನೋಡಿದವರು ಮೊದಲು ಅಲ್ಲಿನ ಚಿನ್ನದ ಬಗ್ಗೆ ಕೇಳುತ್ತಾರೆ, ಆಮೇಲೆ ಬಾವಲಿಗಳ ಬಗ್ಗೆ. ಎರಡಕ್ಕೂ ಕೆಳಗೆ ಉತ್ತರವಿದೆ. ಆದರೆ ಮಲೆನಾಡಿನ ಗ್ರಂಥಾಲಯವೊಂದರಲ್ಲಿ ಹಲವು ಮಳೆಗಾಲ ಕಳೆದ ನನಗೆ ಈ ಕಟ್ಟಡದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಗೋಡೆ, ಬಾಗಿಲು ಮತ್ತು ಕಪಾಟಿನ ಮರ. ಸುಮಾರು ಮುನ್ನೂರು ವರ್ಷಗಳಿಂದ ಪುಸ್ತಕಗಳನ್ನು ಕಾದಿರುವುದು ಅವು. ಹೀಗಾಗಿ ಉತ್ತರಗಳು ಕೆಲವೆಡೆ ಉದ್ದವಾಗಿವೆ.

ಈ ಗ್ರಂಥಾಲಯ ಎಲ್ಲಿದೆ?

ಪೋರ್ಚುಗಲ್‌ನ ನಡುಭಾಗದಲ್ಲಿ, ಮೊಂಡೆಗೊ ನದಿಯ ದಂಡೆಯ ಮೇಲೆ ಕೊಯಿಂಬ್ರಾ ಎಂಬ ಊರಿದೆ. ಊರಿನ ಗುಡ್ಡದ ನೆತ್ತಿಯಲ್ಲಿ ಹಳೆಯ ಅರಮನೆಯೊಂದಿದ್ದು, ವಿಶ್ವವಿದ್ಯಾಲಯ ಬೆಳೆದದ್ದು ಅದರಲ್ಲೇ. 1290ರಲ್ಲಿ ದೊರೆ ದಿನಿಸ್ ಲಿಸ್ಬನ್‌ನಲ್ಲಿ ಸ್ಥಾಪಿಸಿದ ಈ ವಿದ್ಯಾಪೀಠ ಎರಡು ಊರುಗಳ ನಡುವೆ ಹಲವು ಸಲ ಓಡಾಡಿ, 1537ರಲ್ಲಿ ಕೊಯಿಂಬ್ರಾದಲ್ಲಿ ನೆಲೆ ನಿಂತಿತು. ಅರಮನೆಯ ವಿಶಾಲ ಅಂಗಳದ ಮೂಲೆಯಲ್ಲಿ, ಸಂತ ಮಿಗೆಲ್‌ನ ಪ್ರಾರ್ಥನಾ ಮಂದಿರದ ಪಕ್ಕದಲ್ಲಿ ಗ್ರಂಥಾಲಯವಿದೆ. ಇಡೀ ಆವರಣ 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

‘ಜುವಾನಿನಾ’ ಎಂದರೆ ಏನು?

ಇದನ್ನು ಕಟ್ಟಿಸಿದ ದೊರೆ ಐದನೆಯ ಜುವಾಂವ್‌ನ ಹೆಸರಿನಿಂದ ಬಂದದ್ದು. ಮಂಗಳೂರಿನ ಕ್ರೈಸ್ತ ಕೊಂಕಣಿ ಮನೆಗಳಲ್ಲಿ ಕೇಳಿಬರುವ ‘ಜುವಾಂವ್’ ಎಂಬ ಹೆಸರೇ ಇದು. ಕಟ್ಟಿದ ಕಾಲದಲ್ಲಿ ಇದನ್ನು ‘ಪುಸ್ತಕದ ಮನೆ’ ಎಂಬ ಅರ್ಥ ಬರುವಂತೆ ಕರೆಯುತ್ತಿದ್ದರು. ನನಗೆ ಆ ಹಳೆಯ ಹೆಸರೇ ಹೆಚ್ಚು ಇಷ್ಟ.

ಯಾವಾಗ ಕಟ್ಟಿದರು, ಯಾರು ಕಟ್ಟಿದರು?

ಕೆಲಸ ಶುರುವಾದದ್ದು 1717ರಲ್ಲಿ, ಮುಗಿದದ್ದು 1728ರಲ್ಲಿ. ವಿಶ್ವವಿದ್ಯಾಲಯದ ಆಗಿನ ಮುಖ್ಯಸ್ಥ ನೂನು ದ ಸಿಲ್ವ ತೆಲೆಸ್ ದೊರೆಯ ಮುಂದೆ ಬೇಡಿಕೆ ಇಟ್ಟರು, ದೊರೆ ಒಪ್ಪಿದ. ಕಲ್ಲುಕೆಲಸದ ಗುತ್ತಿಗೆ ಜುವಾಂವ್ ಕಾರ್ವಾಲ್ಯು ಫೆರೈರಾ ಎಂಬ ಮೇಸ್ತ್ರಿಯದು. ಗಾಸ್ಪಾರ್ ಫೆರೈರಾ ಕೆಲಸದ ಮೇಲ್ವಿಚಾರಣೆ ನೋಡಿಕೊಂಡ. ಮನೆ ಸಿದ್ಧವಾದ ಕೂಡಲೇ ಪುಸ್ತಕಗಳೇನೂ ತುಂಬಿಕೊಳ್ಳಲಿಲ್ಲ. ಅವು ಕಪಾಟು ಸೇರಿದ್ದು 1750ರ ನಂತರ. ಅಂದರೆ ಎರಡು ದಶಕಗಳ ಕಾಲ ಈ ಚಿನ್ನದ ಕಪಾಟುಗಳು ಹೆಚ್ಚುಕಡಿಮೆ ಖಾಲಿ ನಿಂತು ಪುಸ್ತಕಗಳ ದಾರಿ ಕಾದವು.

ಇಷ್ಟು ಹಣ, ಇಷ್ಟು ಚಿನ್ನ ಎಲ್ಲಿಂದ ಬಂತು?

ಬ್ರೆಜಿಲ್‌ನಿಂದ. 1690ರ ದಶಕದಲ್ಲಿ ಅಲ್ಲಿನ ಮಿನಾಸ್ ಜೆರಾಯಿಸ್ ಪ್ರದೇಶದಲ್ಲಿ ಚಿನ್ನ ಸಿಕ್ಕಿತು. ತೆಗೆದ ಚಿನ್ನದಲ್ಲಿ ಐದನೆಯ ಒಂದು ಪಾಲು ದೊರೆಗೆ ಸಲ್ಲಬೇಕು ಎಂಬುದು ಕಟ್ಟಳೆ. 1706ರಿಂದ 1750ರವರೆಗೆ ಆಳಿದ ಐದನೆಯ ಜುವಾಂವ್‌ನ ಬೊಕ್ಕಸ ತುಂಬಿದ್ದು ಹೀಗೆ. ಅದೇ 1717ರಲ್ಲಿ ಆತ ಮಾಫ್ರಾ ಎಂಬಲ್ಲಿ ಬೃಹತ್ ಅರಮನೆಯನ್ನೂ ಶುರು ಮಾಡಿದ.

ಆ ಚಿನ್ನವನ್ನು ನದಿಯ ಮರಳಿನಿಂದ, ಗಣಿಯ ಮಣ್ಣಿನಿಂದ ಎತ್ತಿದವರು ಬಹುಪಾಲು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು. ಈ ಮಾತನ್ನು ಹೇಳದೆ ಗ್ರಂಥಾಲಯದ ಸೌಂದರ್ಯವನ್ನಷ್ಟೇ ಹೊಗಳುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಕಪಾಟಿನ ಮೇಲೆ ಹೊಳೆಯುವ ರೇಕು ಕಂಡಾಗ ಅದನ್ನು ಅಗೆದ ಕೈಗಳೂ ನೆನಪಾಗಬೇಕು.

ಬರೋಕ್ ಶೈಲಿ ಎಂದರೆ ಏನು? ಇಲ್ಲಿ ಅದು ಎಲ್ಲಿ ಕಾಣುತ್ತದೆ?

17ನೇ ಶತಮಾನದ ರೋಮ್‌ನಲ್ಲಿ ಬೆಳೆದು ಕ್ಯಾಥೊಲಿಕ್ ಯುರೋಪಿನ ಉದ್ದಗಲಕ್ಕೂ ಹಬ್ಬಿದ ಶೈಲಿ ಇದು. ಬೆಳಕು, ಬಣ್ಣ, ಕೆತ್ತನೆ, ಚಿತ್ರ ಎಲ್ಲವನ್ನೂ ಒಂದೇ ಉದ್ದೇಶಕ್ಕೆ ಹೂಡಿ, ನೋಡುವವನ ಕಣ್ಣನ್ನು ಹಿಡಿದು ಒಂದು ಗುರಿಯ ಕಡೆಗೆ ನಡೆಸುವುದು ಅದರ ರೀತಿ. ಓರೆಕೋರೆಯಾದ ಮುತ್ತಿಗೆ ಪೋರ್ಚುಗೀಸರು ಬಳಸುತ್ತಿದ್ದ ಪದದಿಂದ ‘ಬರೋಕ್’ ಎಂಬ ಹೆಸರು ಬಂತು ಎಂಬುದು ಹೆಚ್ಚಿನವರು ಒಪ್ಪುವ ಮಾತು.

ಜುವಾನಿನಾದಲ್ಲಿ ಆ ಗುರಿ ಬಾಗಿಲಲ್ಲಿ ನಿಂತಾಗಲೇ ಕಾಣುತ್ತದೆ. ಒಂದರ ಹಿಂದೊಂದು ಮೂರು ಕೋಣೆಗಳು, ನಡುವೆ ಕಮಾನುಗಳು, ಕಟ್ಟಕಡೆಯ ಗೋಡೆಯ ಮೇಲೆ ದೊರೆಯ ಚಿತ್ರ. ನೀವು ಬಾಗಿಲು ದಾಟಿದ ಕ್ಷಣದಿಂದ ಆತ ನಿಮ್ಮನ್ನು ನೋಡುತ್ತಿರುತ್ತಾನೆ.

ಹೊರಗಿನಿಂದ ಕಟ್ಟಡ ಸಾದಾ ಕಾಣುತ್ತದಲ್ಲ?

ಹೌದು. ಬಿಳಿಯ ಗೋಡೆ, ಎತ್ತರದಲ್ಲಿ ಕಿಟಕಿಗಳ ಸಾಲು, ಅಷ್ಟೆ. ಅಲಂಕಾರವೆಲ್ಲ ಹೆಬ್ಬಾಗಿಲಿನ ಸುತ್ತ ಸೇರಿಕೊಂಡಿದೆ. ಎರಡೂ ಬದಿಯಲ್ಲಿ ಅಯಾನಿಕ್ ಎಂಬ ಗ್ರೀಕ್ ಮಾದರಿಯ, ತಲೆಯಲ್ಲಿ ಸುರುಳಿಯಿರುವ ಕಂಬಗಳು, ಮೇಲೆ ಕಿರೀಟ ಹೊತ್ತ ರಾಜಲಾಂಛನ. ಅಂಗಳದಿಂದ ನೋಡಿದರೆ ಒಂದೇ ಅಂತಸ್ತಿನ ಕಟ್ಟಡವೆನಿಸುತ್ತದೆ. ಆದರೆ ಅದು ಗುಡ್ಡದ ಇಳಿಜಾರಿಗೆ ಒರಗಿ ನಿಂತಿದೆ. ಮೆಟ್ಟಿಲಿಳಿದು ಹಿಂಬದಿಗೆ ಹೋದರೆ ಕೆಳಗೆ ಇನ್ನೂ ಎರಡು ಅಂತಸ್ತು ಇರುವುದು ಕಾಣುತ್ತದೆ.

ಮೂರು ಕೋಣೆಗಳ ಒಳಗೆ ಏನಿದೆ?

ಮೂರೂ ಕೋಣೆಗಳ ಅಳತೆ ಹೆಚ್ಚುಕಡಿಮೆ ಒಂದೇ. ಎಲ್ಲ ಗೋಡೆಗಳನ್ನೂ ಓಕ್ ಮರದ ಎರಡು ಅಂತಸ್ತಿನ ಕಪಾಟುಗಳು ಮುಚ್ಚಿವೆ. ನಡುವೆ ಸುತ್ತಲೂ ಮರದ ಅಟ್ಟಣಿಗೆ ಹಾದುಹೋಗುತ್ತದೆ. ಅದನ್ನು ಹೊತ್ತ ಕಂಬಗಳನ್ನು ಗಮನಿಸಿ: ಮೇಲೆ ಅಗಲ, ಕೆಳಗೆ ಬರುತ್ತ ಸಪೂರ, ತಲೆಕೆಳಗು ಮಾಡಿದ ಗೋಪುರದಂತೆ. ಅಷ್ಟು ಭಾರದ ಅಟ್ಟಣಿಗೆ ನೆಲಕ್ಕೆ ತಾಗುವಲ್ಲಿ ಹಗುರಾಗಿಬಿಟ್ಟಿತೇನೋ ಎನಿಸುತ್ತದೆ.

ಬಣ್ಣ ಮಾತ್ರ ಕೋಣೆಯಿಂದ ಕೋಣೆಗೆ ಬೇರೆ. ಒಂದರಲ್ಲಿ ಹಸಿರು ನೆಲದ ಮೇಲೆ ಚಿನ್ನ, ಇನ್ನೊಂದರಲ್ಲಿ ಕೆಂಪಿನ ಮೇಲೆ ಚಿನ್ನ, ಮತ್ತೊಂದರಲ್ಲಿ ಕಪ್ಪಿನ ಮೇಲೆ ಚಿನ್ನ. ಅದೇ ಚಿನ್ನ ಹಸಿರಿನ ಮೇಲೆ ತಣ್ಣಗೆ ಕಾಣುತ್ತದೆ, ಕೆಂಪಿನ ಮೇಲೆ ಕಾವೇರುತ್ತದೆ, ಕಪ್ಪಿನ ಮೇಲೆ ರಾತ್ರಿಯ ದೀಪದಂತೆ ಮಿನುಗುತ್ತದೆ. ಕೋಣೆಗಳ ನಡುವಿನ ಕಮಾನುಗಳಿಗೂ ಬಣ್ಣ ಬಳಿದು, ನೆತ್ತಿಯ ಮೇಲೆ ಹಳೆಯ ವಿಶ್ವವಿದ್ಯಾಲಯದ ಅಧ್ಯಯನ ವಿಭಾಗಗಳ ಲಾಂಛನಗಳನ್ನು ಕೂರಿಸಿದ್ದಾರೆ.

ಕೆಳಗಿನ ಭಾರಿ ಮೇಜುಗಳನ್ನು ದೂರದೇಶಗಳಿಂದ ತರಿಸಿದ ಮರಗಳಿಂದ ಮಾಡಿದವನು ಫ್ರಾನ್ಸೆಸ್ಕೊ ಗ್ವಾಲ್ದಿನಿ ಎಂಬ ಇಟಲಿಯ ಬಡಗಿ. ಓದುವವರು ಕೂರುತ್ತಿದ್ದುದು ಅಲ್ಲೇ. ಚಿತ್ರಗಳಲ್ಲಿ ಎಲ್ಲರ ಕಣ್ಣೂ ಚಾವಣಿಗೆ ಹಾರುತ್ತದೆ, ಮೇಜನ್ನು ಗಮನಿಸುವವರು ಕಡಿಮೆ. ಅದರ ಕಥೆ ಮುಂದೆ ಬಾವಲಿಗಳ ಜೊತೆಗೆ ಬರುತ್ತದೆ.

ಕಪಾಟುಗಳ ಮೇಲೆ ಚೀನಾದ ದೃಶ್ಯಗಳೇಕೆ?

ಆಗ ಯುರೋಪಿನ ಅರಮನೆಗಳಿಗೆಲ್ಲ ಚೀನಾ ಮತ್ತು ಜಪಾನಿನ ಅರಗುಬಣ್ಣದ ಪೆಟ್ಟಿಗೆ, ಮಡಿಚುವ ಪರದೆಗಳ ಹುಚ್ಚು ಹತ್ತಿತ್ತು. ಆ ವಸ್ತುಗಳನ್ನು ಸಮುದ್ರಮಾರ್ಗವಾಗಿ ಮೊದಲು ತಂದವರಲ್ಲಿ ಪೋರ್ಚುಗೀಸರೂ ಇದ್ದರು. ಚೀನಾದ ಕರಾವಳಿಯ ಮಕಾವ್ ಅವರ ನೆಲೆಯಾಗಿತ್ತು. ಆದರೆ ಪೂರ್ವದೇಶಗಳ ನಿಜವಾದ ಅರಗುಬಣ್ಣ ಅಲ್ಲಿ ಬೆಳೆಯುವ ಒಂದು ಮರದ ಸೋನೆಯಿಂದ ಬರುವಂಥದ್ದು, ಆ ಮರ ಯುರೋಪಿನಲ್ಲಿಲ್ಲ. ಹಾಗಾಗಿ ಯುರೋಪಿನ ಕುಶಲಕರ್ಮಿಗಳು ಬಣ್ಣದ ಮೇಲೆ ವಾರ್ನಿಶ್ ಪದರಗಳನ್ನು ಬಳಿದು ಅದೇ ಹೊಳಪನ್ನು ತರಲು ಹೆಣಗಿದರು.

ಜುವಾನಿನಾದಲ್ಲಿ ಈ ಕೆಲಸ ಮಾಡಿದವನು ಮಾನುವೆಲ್ ದ ಸಿಲ್ವ. ಕಪಾಟಿನ ಅಂಚುಗಳಲ್ಲಿ ಹತ್ತಿರದಿಂದ ನೋಡಿದರೆ ಚಿನ್ನದ ಗೆರೆಗಳಲ್ಲಿ ಪುಟ್ಟ ಗೋಪುರಗಳು, ಮರಗಳು, ಹಕ್ಕಿಗಳು, ಮನುಷ್ಯರು ಕಾಣುತ್ತಾರೆ. ಚೀನಾವನ್ನು ಕಾಣದ ಕೈ ಕಲ್ಪಿಸಿಕೊಂಡ ಚೀನಾ ಇದು. ನ್ಯಾಯಶಾಸ್ತ್ರದ ದಪ್ಪ ಲ್ಯಾಟಿನ್ ಸಂಪುಟಗಳ ಅಂಚಿನಲ್ಲೇ ಇಂಥದೊಂದು ಕನಸಿನ ಊರು ಇರುವುದು ನನಗೆ ಈ ಗ್ರಂಥಾಲಯದ ಅತ್ಯಂತ ಕೋಮಲವಾದ ಭಾಗ ಎನಿಸುತ್ತದೆ.

ಚಾವಣಿಯಲ್ಲಿ ನಿಜವಾಗಿಯೂ ಕಂಬಗಳಿವೆಯೇ?

ಇಲ್ಲ, ಅದು ಚಿತ್ರ. ಅಂತೋನಿಯು ಸಿಮೋಯಿಸ್ ರಿಬೈರು ಮತ್ತು ವಿಸೆಂತ್ ನೂನಿಸ್ ಸೇರಿ ಮಾಡಿದ ಕೆಲಸ. ಕೆಳಗಿನಿಂದ ನೋಡುವವರಿಗೆ ಗೋಡೆ ಇನ್ನೂ ಮೇಲಕ್ಕೆ ಬೆಳೆದು, ಕಂಬ, ಕಟಾಂಜನಗಳ ಆಚೆ ಆಕಾಶ ತೆರೆದುಕೊಂಡಂತೆ ಕಾಣುವ ಹಾಗೆ ದೂರ ಮತ್ತು ಎತ್ತರದ ಲೆಕ್ಕ ಹಾಕಿ ಬರೆದಿದ್ದಾರೆ. ಇಂಥ ಚಿತ್ರಕ್ಕೆ ಸರಿಯಾದ ನೋಟ ಸಿಗುವುದು ಒಂದೇ ಜಾಗದಿಂದ. ಕೋಣೆಯ ನಡುವೆ ನಿಂತು ತಲೆಯೆತ್ತಿ ನೋಡಿ, ಆಮೇಲೆ ಮೂಲೆಗೆ ಸರಿಯಿರಿ. ನೆಟ್ಟಗಿದ್ದ ಕಂಬಗಳು ವಾಲತೊಡಗುತ್ತವೆ. ಮೊದಲ ಕೋಣೆಯಲ್ಲಿ ಯುರೋಪ್, ಏಷ್ಯಾ, ಆಫ್ರಿಕಾ, ಅಮೆರಿಕ ಎಂಬ ನಾಲ್ಕು ಖಂಡಗಳನ್ನು ವ್ಯಕ್ತಿರೂಪದಲ್ಲಿ ತೋರಿಸಿದ್ದಾರೆ. ಆಗಿನ ಯುರೋಪಿನ ಭೂಪಟದಲ್ಲಿ ಖಂಡಗಳು ಅಷ್ಟೇ.

ದೊರೆಯ ಚಿತ್ರವನ್ನು ದೇವರ ಪೀಠದಂತೆ ಇಟ್ಟಿದ್ದಾರಲ್ಲ?

ಬೇಕೆಂದೇ ಹಾಗೆ ಮಾಡಿದ್ದಾರೆ. ಚಿತ್ರ ಬರೆದವನು ಇಟಲಿಯ ಡೊಮೆನಿಕೊ ಡುಪ್ರಾ. ಸುತ್ತ ಮರದಲ್ಲಿ ಕೆತ್ತಿ ಚಿನ್ನ ಲೇಪಿಸಿದ ಪರದೆ ಇಬ್ಬದಿಗೆ ಸರಿದಂತಿದೆ, ಮೇಲೆ ಕಿರೀಟ. ಇಗರ್ಜಿಯಲ್ಲಿ ಬಲಿಪೀಠ ಇರಬೇಕಾದ ಜಾಗದಲ್ಲಿ ಇಲ್ಲಿ ದೊರೆ ಇದ್ದಾನೆ. ಮೂರು ಕೋಣೆಗಳ ಸಾಲು, ಕಮಾನುಗಳು, ಎತ್ತರದ ಕಿಟಕಿಗಳಿಂದ ಇಳಿಯುವ ಬೆಳಕು, ಎಲ್ಲವೂ ಇಗರ್ಜಿಯ ವಿನ್ಯಾಸದ್ದೇ. ಜ್ಞಾನದ ಮನೆಯಲ್ಲೂ ಒಡೆಯ ತಾನೇ ಎಂದು ಸಾರುವ ಆಸೆ ದೊರೆಗಿತ್ತು.

ಮೇಲಿನ ಸಾಲಿನ ಪುಸ್ತಕಗಳನ್ನು ಹೇಗೆ ತೆಗೆಯುತ್ತಿದ್ದರು?

ಏಣಿ ಎಲ್ಲೂ ಕಾಣುವುದಿಲ್ಲ, ಅದಕ್ಕೇ ಈ ಪ್ರಶ್ನೆ ಬರುತ್ತದೆ. ಏಣಿಗಳು ಕಪಾಟಿನ ಒಳಗೇ ಇವೆ. ಕಂಬಗಳ ನಡುವಿನ ಕಿರಿದಾದ ಸೀಳಿನಲ್ಲಿ ಅವನ್ನು ನೆಟ್ಟಗೆ ತೂರಿಸಿಟ್ಟಿರುತ್ತಾರೆ. ಬೇಕಾದಾಗ ಎಳೆದುಕೊಂಡು, ಕೆಲಸವಾದ ಮೇಲೆ ಒಳಗೆ ತಳ್ಳಿದರಾಯಿತು. ಸಿಬ್ಬಂದಿಯ ದಿನನಿತ್ಯದ ಓಡಾಟವನ್ನು ನೆನೆದು ಕಪಾಟು ಮಾಡಿದ ಬಡಗಿಯ ಬುದ್ಧಿಗೆ ನಾನು ಕೈಮುಗಿಯುತ್ತೇನೆ. ಏಣಿ ಹೊತ್ತು ಓದುಗರ ನಡುವೆ ತಿರುಗಿದವರಿಗೆ ಇದರ ಬೆಲೆ ಗೊತ್ತು.

ಹವಾನಿಯಂತ್ರಣ ಇಲ್ಲದ ಕಾಲದಲ್ಲಿ ಪುಸ್ತಕಗಳು ಹೇಗೆ ಉಳಿದವು?

ನನ್ನ ಮಟ್ಟಿಗೆ ಇಡೀ ಪುಟದಲ್ಲಿ ಇದೇ ಮುಖ್ಯವಾದ ಪ್ರಶ್ನೆ.

ಕಾಗದ, ಚರ್ಮ ಎರಡೂ ಗಾಳಿಯಲ್ಲಿನ ತೇವವನ್ನು ಹೀರುತ್ತವೆ, ಬಿಡುತ್ತವೆ. ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ, ಒಮ್ಮೆಲೇ ಕಡಿಮೆಯಾದರೆ ಕಟ್ಟು ಬಿರಿಯುತ್ತದೆ. ಪುಸ್ತಕಕ್ಕೆ ಶೆಕೆಗಿಂತ, ಚಳಿಗಿಂತ ಕೆಟ್ಟದ್ದು ಏರುಪೇರು. ಜುವಾನಿನಾದ ಹೊರಗೋಡೆಯ ದಪ್ಪ 2.11 ಮೀಟರ್, ಅಂದರೆ ಸುಮಾರು ಏಳು ಅಡಿ. ಬೇಸಗೆಯ ಮಧ್ಯಾಹ್ನದ ಬಿಸಿ ಅಷ್ಟು ದಪ್ಪದ ಕಲ್ಲನ್ನು ದಾಟುವ ಮೊದಲೇ ರಾತ್ರಿಯಾಗಿ, ಗೋಡೆ ಮತ್ತೆ ತಣಿಯತೊಡಗುತ್ತದೆ. ಹೀಗೆ ಒಳಗಿನ ಉಷ್ಣತೆ ಸಾಮಾನ್ಯವಾಗಿ 18ರಿಂದ 20 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 60ರ ಆಸುಪಾಸು ಇರುತ್ತದೆ. ಹೆಬ್ಬಾಗಿಲು ದಪ್ಪನೆಯ ತೇಗದ್ದು. ಅದನ್ನು ಮುಚ್ಚಿದರೆ ಕಟ್ಟಡ ಒಂದು ಕಲ್ಲಿನ ಪೆಟ್ಟಿಗೆಯೇ ಸರಿ.

ಮೂರನೆಯ ಕಾವಲು ಕಪಾಟಿನ ಓಕ್ ಮರ. ಅದು ಗಟ್ಟಿ, ಒತ್ತಾದ ಎಳೆಗಳದು, ಹುಳು ಕೊರೆಯಲು ಸುಲಭವಲ್ಲ. ಅದರಲ್ಲಿನ ಒಗರು ಮತ್ತು ವಾಸನೆ ಕೀಟಗಳಿಗೆ ಹಿತವೂ ಅಲ್ಲ. ನಾನು ಕೆಲಸ ಮಾಡಿದ ಕಡೆ ಅಗ್ಗದ ಹಲಗೆಯ ಕಪಾಟಿನೊಳಗೆ ಗೆದ್ದಲು ನುಗ್ಗಿ, ಒಂದು ಆಷಾಢ ಕಳೆಯುವಷ್ಟರಲ್ಲಿ ಹಳೆಯ ನಿಯತಕಾಲಿಕೆಗಳ ಸಾಲೊಂದನ್ನು ಮಣ್ಣು ಮಾಡಿತ್ತು. ಆ ದಿನ ಮೊರದಲ್ಲಿ ಪುಸ್ತಕವನ್ನು ಗುಡಿಸಿ ಎತ್ತಿದ ನೋವು ಇನ್ನೂ ಹೋಗಿಲ್ಲ. ಹಾಗಾಗಿ ಜುವಾನಿನಾದ ಚಿನ್ನಕ್ಕಿಂತ ಅದರ ಕೆಳಗಿರುವ ಮರ ನನಗೆ ದೊಡ್ಡದು.

ಬಾವಲಿಗಳು ಇರುವುದು ನಿಜವೇ?

ನಿಜ. ನಮ್ಮ ಆಲದ ಮರಗಳಲ್ಲಿ ತೂಗುವ ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲ ಇವು. ಹಳ್ಳಿಯ ಕಡೆ ಕಣ್ಣುಕಪ್ಪಡಿ ಎನ್ನುತ್ತೇವಲ್ಲ, ಆ ಜಾತಿಯ ಹೆಬ್ಬೆರಳುದ್ದದ, ಕೀಟ ತಿನ್ನುವ ಪುಟ್ಟ ಜೀವಿಗಳು. ಹಗಲು ಕಪಾಟುಗಳ ಹಿಂದೆ ಅಡಗಿರುತ್ತವೆ. ಕತ್ತಲಾಗಿ ಜನ ಹೋದ ಮೇಲೆ ಕೋಣೆಗಳಲ್ಲಿ ಹಾರಾಡಿ ನುಸಿ, ಪತಂಗ, ಸಣ್ಣ ಜೀರುಂಡೆಗಳನ್ನು ಹಿಡಿದು ತಿನ್ನುತ್ತವೆ.

ಅದರಿಂದ ಪುಸ್ತಕಕ್ಕೆ ಏನು ಲಾಭ? ಪುಸ್ತಕ ಕೊರೆಯುವುದು ಹೆಚ್ಚಾಗಿ ಜೀರುಂಡೆಗಳ ಮರಿಹುಳು. ಹುಟ್ಟಿನಿಂದ ಪುಟದೊಳಗೇ ಇರುವ ಆ ಹುಳು ಬಾವಲಿಯ ಕೈಗೆ ಸಿಗುವುದಿಲ್ಲ. ಆದರೆ ಬೆಳೆದು ರೆಕ್ಕೆ ಬಂದ ಮೇಲೆ ಜೊತೆ ಹುಡುಕಲು, ಮೊಟ್ಟೆ ಇಡಲು ಹೊರಗೆ ಬರಲೇಬೇಕು. ಅಲ್ಲಿ ಬಾವಲಿ ಕಾದಿರುತ್ತದೆ. ಹೀಗೆ ಮುಂದಿನ ಪೀಳಿಗೆಯ ಸಂಖ್ಯೆ ತಗ್ಗುತ್ತದೆ. ರೆಕ್ಕೆಯೇ ಇಲ್ಲದೆ ಹರಿದಾಡುವ ಬೆಳ್ಳಿಬಣ್ಣದ ಹುಳುಗಳಿಗೆ ಈ ಉಪಾಯ ನಾಟುವುದಿಲ್ಲ. ಬಾವಲಿಗಳು ಕಾವಲಿನ ಒಂದು ಭಾಗ ಮಾತ್ರ.

ಹಿಕ್ಕೆಯ ತೊಂದರೆ ಇದ್ದೇ ಇದೆ. ಅದಕ್ಕಾಗಿ ಸಂಜೆ ಬಾಗಿಲು ಹಾಕುವ ಮೊದಲು ಸಿಬ್ಬಂದಿ ಆ ಹಳೆಯ ಮೇಜುಗಳ ಮೇಲೆ ಚರ್ಮದ ಹೊದಿಕೆ ಹಾಸುತ್ತಾರೆ. ಬೆಳಿಗ್ಗೆ ಬಂದು ಹೊದಿಕೆ ತೆಗೆದು, ನೆಲ ಗುಡಿಸಿ ಒರೆಸುತ್ತಾರೆ. ದೊರೆ ಕಟ್ಟಿಸಿದ್ದು ಒಂದು ಸಲ. ಈ ಕೆಲಸ ಮಾತ್ರ ದಿನವೂ ನಡೆಯಬೇಕು.

ಹಾಗಾದರೆ ನಮ್ಮೂರ ಗ್ರಂಥಾಲಯದಲ್ಲೂ ಬಾವಲಿ ಬಿಡಬಹುದೇ?

ದಯವಿಟ್ಟು ಬೇಡ. ಜುವಾನಿನಾದಲ್ಲಿ ಅವನ್ನು ಯಾರೂ ತಂದು ಬಿಟ್ಟದ್ದಲ್ಲ. ಅವು ಬಂದು ನೆಲೆಸಿದವು, ಜನ ಓಡಿಸದೆ ಹೊಂದಿಕೊಂಡರು. ನಮ್ಮಲ್ಲಿ ಗಾಳಿಯಾಡುವ ಕೋಣೆ, ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದ ಕಪಾಟು, ವಾರಕ್ಕೊಮ್ಮೆ ಪುಸ್ತಕಗಳನ್ನು ಕೆಳಗಿಳಿಸಿ ಧೂಳು ಒರೆಸುವ ಕೈ, ಇಷ್ಟಿದ್ದರೆ ಸಾಕು.

ಕೆಳಗೆ ಸೆರೆಮನೆ ಇತ್ತಂತೆ, ಹೌದೇ?

ಹೌದು. ವಿಶ್ವವಿದ್ಯಾಲಯಕ್ಕೆ ತನ್ನದೇ ನ್ಯಾಯಾಧಿಕಾರವಿತ್ತು. ತಪ್ಪು ಮಾಡಿದ ವಿದ್ಯಾರ್ಥಿಯನ್ನು ಊರಿನ ಸೆರೆಗೆ ಕಳಿಸದೆ ತನ್ನ ಸೆರೆಯಲ್ಲೇ ಇಡುತ್ತಿತ್ತು. 1773ರಿಂದ 1834ರವರೆಗೆ ಆ ಸೆರೆ ಗ್ರಂಥಾಲಯದ ಕೆಳ ಅಂತಸ್ತಿನಲ್ಲಿತ್ತು. ಅದಕ್ಕೂ ಮೊದಲು, ಅರಮನೆಯ ಕಾಲದಲ್ಲಿ, ಅದೇ ಜಾಗದಲ್ಲಿ ದೊರೆಯ ಸೆರೆಯೂ ಇತ್ತು. ಇಕ್ಕಟ್ಟಾದ ಕಲ್ಲಿನ ಕೋಣೆಗಳನ್ನು ಈಗಲೂ ನೋಡಬಹುದು.

ಯಾವ ಪುಸ್ತಕಗಳಿವೆ? ಓದಲು ಕೊಡುತ್ತಾರೆಯೇ?

ಮೂರು ಕೋಣೆಗಳ ಮಹಡಿಯಲ್ಲಿ ಸುಮಾರು 60,000 ಸಂಪುಟಗಳಿವೆ. ಹೆಚ್ಚಿನವು 16ರಿಂದ 18ನೇ ಶತಮಾನದವು: ದೇವಶಾಸ್ತ್ರ, ನ್ಯಾಯ, ವೈದ್ಯ, ತತ್ತ್ವಶಾಸ್ತ್ರ, ಚರಿತ್ರೆ, ಭೂಗೋಳ. 20ನೇ ಶತಮಾನದ ಮಧ್ಯದವರೆಗೂ ಇಲ್ಲಿ ಕೂತು ಓದುವವರಿದ್ದರು. ಈಗ ಸಂಶೋಧಕರು ಕಾರಣ ತಿಳಿಸಿ ಕೋರಿದರೆ ಪುಸ್ತಕವನ್ನು ವಿಶ್ವವಿದ್ಯಾಲಯದ ಹೊಸ ಗ್ರಂಥಾಲಯಕ್ಕೆ ತಂದುಕೊಡುತ್ತಾರೆ. ಪುಸ್ತಕಗಳು ಪ್ರದರ್ಶನದ ಗೊಂಬೆಗಳಾಗದೆ ಇನ್ನೂ ಓದಿಸಿಕೊಳ್ಳುತ್ತಿವೆ ಎಂಬುದು ನನಗೆ ಬಹಳ ಸಮಾಧಾನ ಕೊಡುತ್ತದೆ.

ಇದಕ್ಕೂ ನಮಗೂ ಏನಾದರೂ ನಂಟಿದೆಯೇ?

ಬಾಗಿಲಿನ ಮರದಲ್ಲಿದೆ. ತೇಗ ಯುರೋಪಿನಲ್ಲಿ ಹುಟ್ಟುವ ಮರವಲ್ಲ. ಪಶ್ಚಿಮ ಘಟ್ಟವೂ ಸೇರಿದಂತೆ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕಾಡುಗಳದು. ಪೋರ್ಚುಗೀಸರು ಅದಕ್ಕೆ ‘ತೆಕ’ ಎನ್ನುತ್ತಾರೆ. ಆ ಪದವನ್ನು ಅವರು ಕಲಿತದ್ದು ಮಲಬಾರ್ ಕರಾವಳಿಯಲ್ಲಿ, ಮಲಯಾಳಂನಿಂದ. ನಮ್ಮ ‘ತೇಗ’ ಅದರ ಒಡಹುಟ್ಟು.

ಪದಗಳ ವ್ಯಾಪಾರ ಈ ಕಡೆಗೂ ನಡೆಯಿತು. ನಾವು ಪುಸ್ತಕ ಜೋಡಿಸುವ ‘ಅಲಮಾರು’, ಉತ್ತರ ಕರ್ನಾಟಕದವರು ಅದಕ್ಕೆ ಹಾಕುವ ‘ಚಾವಿ’, ಎರಡೂ ಪೋರ್ಚುಗೀಸ್ ಮೂಲದವು.

ಯುರೋಪಿನ ಇತರ ಬರೋಕ್ ಗ್ರಂಥಾಲಯಗಳಿಗಿಂತ ಇದು ದೊಡ್ಡದೇ?

ಅಲ್ಲ. ವಿಯೆನ್ನಾದ ಸಾಮ್ರಾಟರ ಗ್ರಂಥಾಲಯದ ಸಭಾಂಗಣ ಹತ್ತಿರ ಹತ್ತಿರ 80 ಮೀಟರ್ ಉದ್ದವಿದೆ. ಅದನ್ನು 1723ರಿಂದ 1726ರ ನಡುವೆ ಕಟ್ಟಿಸಿದ ಆರನೆಯ ಚಾರ್ಲ್ಸ್, ಐದನೆಯ ಜುವಾಂವ್‌ನ ರಾಣಿ ಮರಿಯಾ ಆನಾಳ ತಮ್ಮ. ಭಾವ, ಭಾವಮೈದುನ ಇಬ್ಬರೂ ಒಂದೇ ಕಾಲದಲ್ಲಿ ಗ್ರಂಥಾಲಯ ಕಟ್ಟಿಸುತ್ತಿದ್ದರು, ಮೊದಲು ಶುರು ಮಾಡಿದ್ದು ಕೊಯಿಂಬ್ರಾದಲ್ಲಿ. ಆಸ್ಟ್ರಿಯಾದ ಆಡ್ಮಾಂಟ್ ಮಠದ ಗ್ರಂಥಾಲಯ 1776ರದು, 70 ಮೀಟರ್ ಉದ್ದ, ಬಿಳುಪು ಮತ್ತು ಬೆಳಕೇ ಅದರ ಅಲಂಕಾರ. ಪೋರ್ಚುಗಲ್‌ನದೇ ಮಾಫ್ರಾ ಅರಮನೆಯ ಗ್ರಂಥಾಲಯವೂ ಇದಕ್ಕಿಂತ ಬಹಳ ಉದ್ದ, ಅಲ್ಲೂ ಬಾವಲಿಗಳಿವೆ. ಜುವಾನಿನಾದ ಹೆಚ್ಚುಗಾರಿಕೆ ಅಳತೆಯಲ್ಲಿಲ್ಲ, ಬಣ್ಣದ ಗಾಢತೆಯಲ್ಲಿದೆ.

ನೋಡಲು ಹೋಗುವವರು ಏನನ್ನು ಗಮನಿಸಬೇಕು?

ಒಳಗೆ ಒಮ್ಮೆಗೆ ಇಷ್ಟೇ ಜನ, ಇಷ್ಟೇ ಹೊತ್ತು ಎಂಬ ಕಟ್ಟುಪಾಡಿದೆ. ಟಿಕೆಟ್‌ನಲ್ಲಿ ಬರೆದ ಸಮಯಕ್ಕೆ ಸರಿಯಾಗಿ ಬಾಗಿಲ ಬಳಿ ಇರಬೇಕು. ಎಷ್ಟು ಸಲ ಬಾಗಿಲು ತೆರೆದರೆ ಅಷ್ಟು ಸಲ ಒಳಗಿನ ಗಾಳಿ ಕದಡುತ್ತದೆ, ಅದಕ್ಕೇ ಈ ಶಿಸ್ತು. ಸಿಗುವ ಸ್ವಲ್ಪ ಹೊತ್ತಿನಲ್ಲಿ ಮೊದಲು ಚಾವಣಿ ನೋಡಿ, ನೋಡದೆ ಇರಲಾಗುವುದಿಲ್ಲ. ಆಮೇಲೆ ಕಪಾಟಿನ ಹತ್ತಿರ ಹೋಗಿ ಆ ಚಿನ್ನದ ಪುಟ್ಟ ಹಕ್ಕಿಗಳನ್ನು ಹುಡುಕಿ. ಕಂಬಗಳ ನಡುವೆ ಏಣಿ ಅಡಗಿರುವ ಸೀಳನ್ನು ಗುರುತಿಸಿ. ಹೊರಡುವಾಗ ಬಾಗಿಲ ಚೌಕಟ್ಟಿನಲ್ಲಿ ಒಂದು ಕ್ಷಣ ನಿಂತು ಗೋಡೆ ಎಷ್ಟು ದಪ್ಪವಿದೆ ಎಂದು ಕಣ್ಣಳತೆ ಮಾಡಿ. ದಿನದ ಕೊನೆಯ ತಂಡದಲ್ಲಿ ಹೋದರೆ, ನೀವು ಹೊರಬಂದ ಸ್ವಲ್ಪ ಹೊತ್ತಿಗೆ ಒಳಗೆ ಮೇಜುಗಳ ಮೇಲೆ ಚರ್ಮ ಹಾಸುವ ಕೆಲಸ ಶುರುವಾಗುತ್ತದೆ.